ಪೈಥಾನ್‌ನಲ್ಲಿ ಎಕ್ಸ್‌ಎಂಎಲ್ ಫೈಲ್ ಓದುವಾಗ ‘ಇನ್‌ವ್ಯಾಲಿಡ್ ಟೋಕನ್: ಲೈನ್ 212, ಕಾಲಂ 37’ ಎಂದು ಬರುತ್ತಿದೆ. ಮಂಡ್ಯದ ಬೆಲ್ಲದ ಮಂಡಿಯ ಬಿಲ್ ಪಟ್ಟಿ ಅದು. ಏನು ಮಾಡಲಿ?

ಸ್ಕ್ರಿಪ್ಟ್ ಮುಟ್ಟಬೇಡಿ, ತಪ್ಪು ಇರುವುದು ಫೈಲ್‌ನಲ್ಲಿ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ತೆರೆದು 212ನೇ ಸಾಲಿಗೆ ಹೋಗಿ. ಸಾಲಿನ ಎಣಿಕೆ 1ರಿಂದ, ಕಾಲಂ ಎಣಿಕೆ 0ಯಿಂದ ಶುರು. ಹಾಗಾಗಿ ಕಾಲಂ 37 ಎಂದರೆ ಸಾಲಿನ 38ನೇ ಅಕ್ಷರ. ಅದರ ಜೊತೆಗೆ ಹಿಂದಿನ ಅಕ್ಷರವನ್ನೂ ನೋಡಿ.

ಹೆಚ್ಚಾಗಿ ಅಲ್ಲಿ ಸಿಗುವುದು ‘ಗೌಡ & ಸನ್ಸ್’ ಥರದ ಹೆಸರು. ಎಕ್ಸ್‌ಎಂಎಲ್‌ನಲ್ಲಿ & ಒಂಟಿಯಾಗಿ ನಿಲ್ಲುವಂತಿಲ್ಲ; ಅದರ ಬೆನ್ನಿಗೇ ಎ, ಎಂ, ಪಿ ಎಂಬ ಮೂರು ಇಂಗ್ಲಿಷ್ ಸಣ್ಣಕ್ಷರ, ಆಮೇಲೆ ಸೆಮಿಕೋಲನ್ ಬರಬೇಕು. ಫೈಂಡ್-ರಿಪ್ಲೇಸ್‌ನಲ್ಲಿ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಮೊದಲೇ ಸರಿಯಿದ್ದವೂ ಕೆಡುತ್ತವೆ. ಒಂಟಿಯಾಗಿರುವುದನ್ನಷ್ಟೇ ಹಿಡಿಯುವ ರೆಗ್ಯುಲರ್ ಎಕ್ಸ್‌ಪ್ರೆಶನ್ (ಹುಡುಕುವ ಮಾದರಿ) ಬಳಸಿ. ಫೈಲ್ ನಿಮ್ಮದೇ ಇನ್ನೊಂದು ಸ್ಕ್ರಿಪ್ಟ್‌ನಿಂದ ಬರುತ್ತಿದ್ದರೆ ಅಲ್ಲೇ ಸರಿಪಡಿಸಿ, ಇಲ್ಲದಿದ್ದರೆ ದಿನಾ ಇದೇ ಪಾಡು.

& ಕಾಣಿಸದೆ, ಕನ್ನಡ ಹೆಸರಿನ ಜಾಗದಲ್ಲಿ ಚಿತ್ರವಿಚಿತ್ರ ಅಕ್ಷರ ಕಂಡರೆ ಅದು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪಿಸಿ, ಎಎನ್‌ಎಸ್‌ಐ (ವಿಂಡೋಸ್‌ನ ಹಳೆಯ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಉಳಿಸುವ ವಿಧಾನ) ಆಗಿ ಸೇವ್ ಮಾಡಿದ್ದು. ಫೈಲ್‌ನ ಆರಂಭದಲ್ಲಿ ಎನ್‌ಕೋಡಿಂಗ್ ಬರೆದಿಲ್ಲದಿದ್ದರೆ ಪಾರ್ಸರ್ (ಎಕ್ಸ್‌ಎಂಎಲ್ ಓದುವ ಭಾಗ) ಯುಟಿಎಫ್-8 ಎಂದುಕೊಂಡು ಮುಗ್ಗರಿಸುತ್ತದೆ. ಎನ್‌ಕೋಡಿಂಗ್ ಅನ್ನು ವಿಂಡೋಸ್-1252 ಎಂದು ಕೊಟ್ಟರೆ ಫೈಲ್ ಓದುತ್ತದೆ ನಿಜ, ಆದರೆ ಹೆಸರುಗಳು ಕನ್ನಡವಾಗುವುದಿಲ್ಲ. ಯುನಿಕೋಡ್ ಪರಿವರ್ತಕಕ್ಕೆ ಹಾಕಲೇಬೇಕು.

‘ಮಿಸ್‌ಮ್ಯಾಚ್ಡ್ ಟ್ಯಾಗ್’ ಎಂಬ ಎರರ್ ಬಂದರೆ ಮಾತ್ರ ತೋರಿಸಿದ ಸಾಲನ್ನು ನಂಬಬೇಡಿ. ಅದು ಮುಚ್ಚುವ ಟ್ಯಾಗ್ ಇರುವ ಸಾಲು. ಮುಚ್ಚದೆ ಬಿಟ್ಟ ಟ್ಯಾಗ್ ಅದಕ್ಕಿಂತ ಎಷ್ಟೋ ಮೇಲಿರಬಹುದು.