ಎರಡು ವರ್ಷ ತುಂಬಿದರೂ ಮಗ ಮಾತಾಡ್ತಿಲ್ಲ. ಮೂರರವರೆಗೆ ಕಾಯಬಹುದಾ?

ಕಾಯಬೇಡಿ. ನಾನು ಗಂಗಾವತಿ ಕಡೆ ಅಂಗನವಾಡಿ ಟೀಚರ್. "ಅವರಪ್ಪನೂ ತಡವಾಗಿಯೇ ಮಾತಾಡಿದ್ದ" ಅಂತ ನಿಮ್ಮ ಅತ್ತೆ ಹೇಳ್ತಾರೆ ಅಂತ ಬರೆದಿದ್ದೀರಿ. ಈ ಮಾತು ನಮ್ಮಲ್ಲಿ ಮನೆಮನೆಯಲ್ಲೂ ಇದೆ. ಕೆಲವು ಮಕ್ಕಳ ಮಟ್ಟಿಗೆ ಅದು ನಿಜವೂ ಹೌದು. ನಿಮ್ಮ ಮಗನೂ ಹಾಗೇನಾ ಅನ್ನೋದು ಮನೆಯಲ್ಲೇ ಕೂತರೆ ಗೊತ್ತಾಗಲ್ಲ ಅಲ್ವಾ? ಎರಡು ವರ್ಷಕ್ಕೆ "ಅಮ್ಮ ಬಾ", "ನೀರು ಕೊಡು" ಅಂತ ಎರಡು ಪದ ಕೂಡಿಸಬೇಕು. ಒಂದು ಪದವೂ ಇಲ್ಲ ಅಂದಮೇಲೆ ತೋರಿಸಲೇಬೇಕು.

ಮೊದಲು ಕಿವಿ ಪರೀಕ್ಷೆ ಮಾಡಿಸಿ. ತಟ್ಟೆ ಬಿದ್ದರೆ ತಿರುಗಿ ನೋಡ್ತಾನೆ, ಅದಕ್ಕೇ ಕಿವಿ ಸರಿ ಇದೆ ಅಂದಿದ್ದೀರಿ. ಅಷ್ಟು ಸಾಲದು ನೋಡ್ರಿ. ದೊಡ್ಡ ಸದ್ದು ಕೇಳಿಸುತ್ತೆ, ಆದರೆ ಮಾತಿನೊಳಗಿನ 'ಸ', 'ಶ'ದಂಥ ಸಣ್ಣ ಸದ್ದು ಕೇಳಿಸಲ್ಲ, ಅಂಥ ಮಕ್ಕಳೂ ಇರುತ್ತಾರೆ. ಬೆರಾ ಅಂತ ಒಂದು ಟೆಸ್ಟ್ ಇದೆ. ಮಗು ಮಲಗಿದ್ದಾಗ ತಲೆಗೆ ಸಣ್ಣ ವೈರ್ ಅಂಟಿಸಿ ನೋಡುತ್ತಾರೆ, ನೋವಾಗಲ್ಲ.

ಕುಷ್ಟಗಿಯಿಂದ ಎಲ್ಲಿಗೆ ಹೋಗಬೇಕು ಅಂತ ಕೇಳಿದ್ದೀರಿ. 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ ಅನ್ನೋ ಸರ್ಕಾರದ ಮಕ್ಕಳ ಆರೋಗ್ಯ ಯೋಜನೆಯಲ್ಲಿ 18 ವರ್ಷದೊಳಗಿನ ಮಕ್ಕಳಿಗೆ ತಪಾಸಣೆ, ಚಿಕಿತ್ಸೆ ಉಚಿತ. ಅದರ ಡಾಕ್ಟರ್ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು. ಅವರು ಬರಲಿ ಅಂತ ಕೂರಬೇಡಿ. ನೇರ ಕೊಪ್ಪಳ ಜಿಲ್ಲಾ ಆಸ್ಪತ್ರೆಗೆ ಹೋಗಿ, ಮಕ್ಕಳ ಡಾಕ್ಟರಿಗೆ ತೋರಿಸಿ, ಡಿಇಐಸಿಗೆ ಬರೆದುಕೊಡಿ ಅಂತ ಕೇಳಿ. ಇಂಥ ಚಿಕ್ಕ ಮಕ್ಕಳಿಗಾಗಿಯೇ ಜಿಲ್ಲಾ ಮಟ್ಟದಲ್ಲಿ ಮಾಡಿರುವ ವಿಭಾಗ ಅದು.

'ಅಂಗವಿಕಲ' ಅಂತ ಬರೆದುಬಿಡ್ತಾರೆ ಅನ್ನೋ ಭಯ ಬೇಡ. ಯುಡಿಐಡಿ ಅನ್ನೋ ಅಂಗವಿಕಲರ ಗುರುತಿನ ಕಾರ್ಡಿಗೆ ನೀವೇ ಬೇರೆ ಅರ್ಜಿ ಹಾಕಬೇಕು. ಮಾತು ಕಲಿಸೋ ಥೆರಪಿ ಶುರು ಮಾಡೋಕೆ ಆ ಕಾರ್ಡು ಬೇಕಿಲ್ಲ.

ಇನ್ನು ಥೆರಪಿ. ಅಲ್ಲಿ ಸ್ವಲ್ಪ ಹೊತ್ತು ತೋರಿಸಿಕೊಡುತ್ತಾರೆ, ದಿನಾ ಮಾಡಬೇಕಾದವರು ಮನೆಯವರೇ. ಇವತ್ತಿನಿಂದಲೇ ಒಂದು ಮಾಡಿ. ಮಂಡಕ್ಕಿ ಡಬ್ಬಿಯನ್ನು ಅವನಿಗೆ ಕಾಣುವ ಹಾಗೆ, ಕೈಗೆ ಸಿಗದ ಹಾಗೆ ಇಡಿ. ಅವನು ನಿಮ್ಮ ಮುಖ ನೋಡೋವರೆಗೆ ಅಥವಾ ಬೆರಳು ತೋರಿಸೋವರೆಗೆ ಸುಮ್ನೆ ಇರಿ. ಆಮೇಲೆ "ಮಂಡಕ್ಕಿ" ಅಂತ ಹೇಳಿ ಸ್ವಲ್ಪವೇ ಕೊಡಿ. ಮತ್ತೆ ಕೇಳಲಿ. ಊಟಕ್ಕೆ ಮೊಬೈಲ್ ಹಿಡಿಸೋದು ಮಾತ್ರ ನಿಲ್ಲಿಸಿ, ಅತ್ತೆಯವರಿಗೂ ಹೇಳಿ.

ಹೆಸರು ಕರೆದರೂ ತಿರುಗಲ್ಲ, ಬೆರಳು ತೋರಿಸಲ್ಲ, ಒಬ್ಬನೇ ಚಕ್ರ ತಿರುಗಿಸುತ್ತಾ ಕೂರುತ್ತಾನೆ ಅನ್ನೋದಿದ್ದರೆ ಡಾಕ್ಟರಿಗೆ ಮರೆಯದೆ ಹೇಳಿ. ಮನೆಯಲ್ಲಿ ಆಡುವಾಗಿನ ವಿಡಿಯೊ ಒಂದೆರಡು ತೆಗೆದಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಮಕ್ಕಳು ಬರೀ ಅಳ್ತಾರೆ. ತಾಯಿ ಕಾರ್ಡೂ ಜೊತೆಗಿರಲಿ, ಹೆರಿಗೆ ಹೇಗಾಯ್ತು, ಹುಟ್ಟಿದಾಗ ತೂಕ ಎಷ್ಟಿತ್ತು ಅಂತ ಕೇಳ್ತಾರೆ.