ಐದು ಹೆಸರಿನ ಚೀಟಿ

ಈ ಪ್ರಕರಣದಲ್ಲಿ ಊರು, ವಯಸ್ಸು ಮತ್ತು ಕೆಲವು ಗುರುತುಗಳನ್ನು ಬದಲಿಸಿದ್ದೇನೆ. ಹೆಸರು ಬಳಸಿಲ್ಲ, ಅಕ್ಕ, ತಮ್ಮ ಎಂದಷ್ಟೇ ಕರೆಯುತ್ತೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ.

ತಮ್ಮ ನನ್ನ ಬಳಿ ಬಂದದ್ದು ದುಃಖ ಹೇಳಿಕೊಳ್ಳಲು ಅಲ್ಲ, ಅಕ್ಕನ ಸಹಿ ಹಾಕಿಸುವುದು ಹೇಗೆಂದು ಕೇಳಲು. ಅರಕಲಗೂಡು ಕಡೆಯ ರೈತರು, ಆಲೂಗೆಡ್ಡೆ, ಶುಂಠಿ ಬೆಳೆಯುತ್ತಾರೆ. ಅಪ್ಪ 2021ರ ಮೇ ತಿಂಗಳಲ್ಲಿ ಕೋವಿಡ್‌ನಿಂದ ತೀರಿಕೊಂಡಿದ್ದರು. ಮರುವರ್ಷದ ಮಳೆಗಾಲಕ್ಕೂ ಜಮೀನು ಅಪ್ಪನ ಹೆಸರಲ್ಲೇ ಇತ್ತು. ಪೌತಿ ಖಾತೆಗೆಂದು, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲೆಂದು, ವಂಶವೃಕ್ಷ ಮಾಡಿಸಲು ಹೊರಟರೆ, ಮೂಡಿಗೆರೆ ಕಡೆಗೆ ಮದುವೆಯಾಗಿ ಹೋಗಿರುವ ಅಕ್ಕ ಆಧಾರ್ ನಕಲನ್ನೂ ಕೊಡುತ್ತಿಲ್ಲ, ಫೋನನ್ನೂ ಎತ್ತುತ್ತಿಲ್ಲ. "ಅವ್ಳಿಗೆ ಆಸ್ತಿ ಮೇಲೆ ಕಣ್ಣು ಬಿದ್ದಿದೆ ಮೇಡಂ" ಎಂದರು.

"ಅಪ್ಪನ ಮಣ್ಣಿಗೆ ಅಕ್ಕ ಬಂದಿದ್ರಾ?" ಎಂದು ಕೇಳಿದೆ.

ಉತ್ತರ ಬರಲಿಲ್ಲ. ಪಹಣಿ, ಮರಣ ಪ್ರಮಾಣಪತ್ರ ಇಟ್ಟಿದ್ದ ಪ್ಲಾಸ್ಟಿಕ್ ಕವರ್ ಬಿಚ್ಚಿ ಅದರೊಳಗಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಬಿತ್ತನೆ ಆಲೂಗೆಡ್ಡೆ ಕೊಂಡ ಬಿಲ್ಲು. ಹಿಂಬದಿಯಲ್ಲಿ ನೀಲಿ ಪೆನ್ನಿನಲ್ಲಿ ಐದು ಹೆಸರು. ಐದನೆಯದಕ್ಕೆ ಗೀಟು ಎಳೆದು ಪಕ್ಕದಲ್ಲಿ ಬೇರೆ ಹೆಸರು ಬರೆದಿತ್ತು. ಗೀಟಿನ ಕೆಳಗಿದ್ದದ್ದು ಅಕ್ಕನ ಹೆಸರು.

ಆ ದಿನಗಳನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. 2020ರ ಮೊದಲ ಲಾಕ್‌ಡೌನ್‌ನಲ್ಲಿ ಅಂತ್ಯಕ್ರಿಯೆಗೆ 20 ಜನ ಸೇರಬಹುದಿತ್ತು. ಎರಡನೇ ಅಲೆಯಲ್ಲಿ, 2021ರ ಏಪ್ರಿಲ್ ಕೊನೆಯ ಹೊತ್ತಿಗೆ, ನಮ್ಮ ರಾಜ್ಯದಲ್ಲಿ ಅದು ಐದಕ್ಕೆ ಇಳಿಯಿತು. ಅದೇ ಆದೇಶದಲ್ಲಿ ಮದುವೆಗೆ 50 ಜನ. ಮದುವೆಗೆ ಹೋಗದಿದ್ದರೂ ಮಣ್ಣಿಗೆ ಹೋಗಬೇಕು ಎಂದು ನಂಬಿದ ಸೀಮೆ ಇದು. ಈ ಲೆಕ್ಕ ಜನರ ಹೊಟ್ಟೆಗೆ ಇಳಿಯಲೇ ಇಲ್ಲ. ಸ್ಮಶಾನಗಳ ಮೇಲೆ ಒತ್ತಡ ಹೆಚ್ಚಿದಾಗ ಸ್ವಂತ ಜಮೀನಿನಲ್ಲೇ ಸಂಸ್ಕಾರ ಮಾಡಿಕೊಳ್ಳಲು ಸರ್ಕಾರ ಅನುಮತಿ ಕೊಟ್ಟಿತು. ಹಾಗಾಗಿ ಈ ಮನೆಯ ಹಿರಿಯರಿಗೆ ಕೊನೆಗೆ ತಮ್ಮ ಹೊಲದಲ್ಲೇ ಜಾಗ ಸಿಕ್ಕಿತು. ಮೇ 10ರಿಂದ ಲಾಕ್‌ಡೌನ್ ಬಂತು. ಜೂನ್ 14ರ ನಂತರ ಬೇರೆ ಜಿಲ್ಲೆಗಳಲ್ಲಿ ಸಡಿಲವಾದರೂ, ಹಾಸನ, ಚಿಕ್ಕಮಗಳೂರು ಸೇರಿ 11 ಜಿಲ್ಲೆಗಳಲ್ಲಿ ಇನ್ನೊಂದು ವಾರ ಮುಂದುವರಿಯಿತು. ಮೂರನೇ ದಿನದ ಹಾಲುತುಪ್ಪ, ಹನ್ನೊಂದನೇ ದಿನದ ತಿಥಿ ಎಲ್ಲವೂ ಆ ಬೀಗದೊಳಗೇ ಮುಗಿದುಹೋದವು.

ಅಪ್ಪ ತೀರಿಕೊಂಡ ರಾತ್ರಿ ಆಸ್ಪತ್ರೆಯಿಂದ ಫೋನ್ ಬಂತು. ಬೆಳಗಾಗುವಷ್ಟರಲ್ಲಿ ಗುಂಡಿ ತೋಡಲು ಜೆಸಿಬಿ ಗೊತ್ತು ಮಾಡಬೇಕು. ಅವ್ವನಿಗೂ ಪಾಸಿಟಿವ್, ಕೋಣೆಯೊಳಗೇ ಇದ್ದಾರೆ. ಯಾರ್‍ಯಾರು ಇರುತ್ತೀರಿ, ಹೆಸರು ಬರೆದುಕೊಡಿ ಎಂದು ಮೇಲಿನವರು ಕೇಳಿದರು. ಕೈಗೆ ಸಿಕ್ಕ ಕಾಗದದಲ್ಲಿ ತಮ್ಮ ಬರೆದರು: ತಾನು, ಕಿರಿಯ ತಮ್ಮ, ಸೋದರಮಾವ, ಚಿಕ್ಕಪ್ಪನ ಮಗ, ಅಕ್ಕ. ಬರೆದ ಮೇಲೆ ಯೋಚನೆ ಬಂತು. ಅಕ್ಕ ಬರಬೇಕಾದರೆ ಸಕಲೇಶಪುರದ ಮೇಲೆ ಜಿಲ್ಲೆ ದಾಟಬೇಕು, ಪೊಲೀಸರು ತಡೆಯುತ್ತಾರೆ, ಆಂಬುಲೆನ್ಸ್ ಕಾಯುವುದಿಲ್ಲ, ಭಾವನಿಗೆ ಉಬ್ಬಸ. ಗೀಟು ಎಳೆದು, ಹೆಣ ಎತ್ತಲು ಒಪ್ಪಿದ್ದ ಊರಿನವರೊಬ್ಬರ ಹೆಸರು ಬರೆದರು. ಅಕ್ಕನಿಗೆ ಫೋನ್ ಮಾಡಿದ್ದು ಮಧ್ಯಾಹ್ನ. "ಎಲ್ಲಾ ಮುಗೀತು ಕಣಕ್ಕ" ಅಂದರು. ಅಷ್ಟರಲ್ಲಿ ಅಕ್ಕನಿಗೆ ವಿಷಯ ಗೊತ್ತಾಗಿತ್ತು. ಪಕ್ಕದ ಮನೆಯ ಹುಡುಗನೊಬ್ಬ ಬೆಳಿಗ್ಗೆಯೇ ವಾಟ್ಸಾಪ್ ಸ್ಟೇಟಸ್‌ನಲ್ಲಿ ಅಪ್ಪನ ಫೋಟೋ ಹಾಕಿ, ದೀಪದ ಚಿತ್ರ ಸೇರಿಸಿ 'ಭಾವಪೂರ್ಣ ಶ್ರದ್ಧಾಂಜಲಿ' ಎಂದು ಬರೆದಿದ್ದ.

"ಸರ್ಕಾರದ ರೂಲ್ಸು ಮೇಡಂ, ನಾನೇನ್ ಮಾಡ್ಲಿ?" ಇದನ್ನು ಅವರು ಎಷ್ಟೋ ಸಲ ಹೇಳಿದರು.

ನಾನು ಹೇಳಿದ್ದು ಇಷ್ಟು: ಐದು ಅಂದದ್ದು ಸರ್ಕಾರ, ಹೌದು. ಐವರು ಯಾರು ಅಂದದ್ದು ನೀವು. ನಿಮ್ಮ ಜಾಗದಲ್ಲಿ ಯಾರಿದ್ದರೂ ಹಾಗೇ ಬರೆಯುತ್ತಿದ್ದರೇನೋ, ಅದನ್ನು ತಪ್ಪು ಎನ್ನಲು ನಾನು ಕೂತಿಲ್ಲ. ಆದರೆ ಅಕ್ಕನ ಸಿಟ್ಟು ಸರ್ಕಾರದ ಮೇಲಲ್ಲ. ನೀವು ಸರ್ಕಾರದ ಪರವಾಗಿ ಮಾತಾಡುತ್ತಿರುವಷ್ಟು ದಿನ ಅವರಿಗೆ ಮಾತಾಡಲು ತಮ್ಮನೇ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಆ ದಿನ ಏನಾಯಿತು ಎನ್ನುವುದು ಅಕ್ಕನಿಗೆ ಇವತ್ತಿಗೂ ಗೊತ್ತಿಲ್ಲ. ಅವರಿಗೆ ಸಿಕ್ಕಿದ್ದು 'ಎಲ್ಲಾ ಮುಗೀತು' ಎಂಬ ಎರಡು ಮಾತು, ಮೇಲೊಂದು ವಾಟ್ಸಾಪ್ ಫೋಟೋ.

ಪಾಲಿನ್ ಬಾಸ್ ಎಂಬ ಅಮೆರಿಕದ ಚಿಕಿತ್ಸಕಿ, ಯುದ್ಧದಲ್ಲಿ ಕಾಣೆಯಾದವರ ಕುಟುಂಬಗಳ ಜೊತೆ ಬಹಳ ಕಾಲ ಕೆಲಸ ಮಾಡಿದವರು. ದೇಹ ಕಾಣದ ಸಾವನ್ನು ಸಾವೆಂದು ಒಪ್ಪಲು ಮನಸ್ಸು ತಡವರಿಸುತ್ತದೆ ಎಂಬುದು ಅವರು ಕಂಡುಕೊಂಡ ಮಾತು. ಕೋವಿಡ್ ಕಾಲದಲ್ಲಿ ಇದು ನಮ್ಮ ಹಳ್ಳಿಹಳ್ಳಿಯಲ್ಲೂ ಆಯಿತು. ಕೆಲವರು ಇಂದಿಗೂ ಗುಟ್ಟಾಗಿ ಕೇಳುತ್ತಾರೆ: ಆ ಚೀಲದೊಳಗೆ ಇದ್ದದ್ದು ನಮ್ಮಪ್ಪನೇನಾ? ಹುಚ್ಚು ಪ್ರಶ್ನೆ ಎಂದು ಬೈದು ಬಾಯಿ ಮುಚ್ಚಿಸಬೇಡಿ. ನೋಡಿದವರು ಇದ್ದರೆ ನೋಡಿದ್ದನ್ನು ಹೇಳಿ, ಅದಕ್ಕಿಂತ ದೊಡ್ಡ ಮದ್ದು ನನ್ನ ಬಳಿ ಇಲ್ಲ.

ತಮ್ಮ ನೋಡಿದ್ದರು. ಆಸ್ಪತ್ರೆಯ ಸಿಬ್ಬಂದಿಯೊಬ್ಬರು ಚೀಲದ ಜಿಪ್ಪನ್ನು ಗದ್ದದವರೆಗೆ ಸರಿಸಿ ಮುಖ ತೋರಿಸಿದ್ದರು. ಕಿವಿಯಲ್ಲಿ ಕೆಂಪು ಹರಳಿನ ಒಂಟಿ ಹಾಗೇ ಇತ್ತು. ಹಾಗೆ ಮುಖ ತೋರಿಸಲು ಕೇಂದ್ರ ಆರೋಗ್ಯ ಸಚಿವಾಲಯದ 2020ರ ಮಾರ್ಚ್ ಮಾರ್ಗಸೂಚಿಯಲ್ಲೇ ಅವಕಾಶವಿತ್ತು. ದೇಹ ಮುಟ್ಟದೆ ತೀರ್ಥ ಚಿಮುಕಿಸಬಹುದು, ಮಂತ್ರ ಓದಬಹುದು, ಸುಟ್ಟರೆ ಬೂದಿಯಿಂದ ಅಪಾಯವಿಲ್ಲ ಎಂದೂ ಇತ್ತು. ಸ್ನಾನ ಮಾಡಿಸುವುದು, ತಬ್ಬಿಕೊಳ್ಳುವುದು ಮಾತ್ರ ಕೂಡದು. ಇದು ಬಹಳ ಮನೆಗಳಿಗೆ ಗೊತ್ತೇ ಆಗಲಿಲ್ಲ. ಗೊತ್ತಿದ್ದಿದ್ದರೆ ಒಂದು ವಿಡಿಯೊ ಕರೆಯಲ್ಲಾದರೂ ಎಷ್ಟೋ ಹೆಣ್ಣುಮಕ್ಕಳು ಕೊನೆಯ ಸಲ ಮುಖ ನೋಡುತ್ತಿದ್ದರು ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಒಂಟಿಯ ವಿಷಯ ಅಕ್ಕನಿಗೆ ಹೇಳಿದ್ದೀರಾ ಎಂದೆ. "ಅದನ್ನೆಲ್ಲಾ ಹೇಳಿ ಇನ್ನೂ ಯಾಕೆ ಅಳಿಸೋದು ಅಂತ" ಸುಮ್ಮನಿದ್ದರಂತೆ.

ನಾನು ಕೊಟ್ಟ ಸಲಹೆ: ಖಾತೆಯ ಕಾಗದ ಮನೆಯಲ್ಲೇ ಬಿಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯ ಮೇಲೆ ಮಗಳಿಗೂ ಮಗನಷ್ಟೇ ಪಾಲು, ವಂಶವೃಕ್ಷದಲ್ಲಿ ಅಕ್ಕನ ಹೆಸರು ಬರಲೇಬೇಕು, ಅದು ಯಾರೂ ಯಾರಿಗೂ ಮಾಡುವ ಉಪಕಾರವಲ್ಲ. ಖಾತೆಯ ಮಾತೂ ಮಣ್ಣಿನ ದಿನದ ಮಾತೂ ಒಂದೇ ದಿನ ಬಂದರೆ, ಸಹಿಗಾಗಿ ಅಳುತ್ತಾ ಬಂದ ಎಂದೇ ಅಕ್ಕ ತಿಳಿಯುತ್ತಾರೆ. ತಿಳಿದರೆ ಅವರ ತಪ್ಪಲ್ಲ. ಫೋನಿನಲ್ಲಿ ಬೇಡ, ಹೋಗಿ. "ನಾಕು ಜನ ಹಿರೇರನ್ನ ಕರ್ಕೊಂಡು ಹೋಗ್ಲಾ?" ಎಂದರು. ಬೇಡವೇ ಬೇಡ ಎಂದೆ. ಹಿರಿಯರು ಬಂದರೆ ಅದು ಪಂಚಾಯ್ತಿಯಾಗುತ್ತದೆ, ಅಕ್ಕ ಎಲ್ಲರೆದುರು 'ಆಯ್ತು ಬಿಡಿ' ಎನ್ನಬೇಕಾಗುತ್ತದೆ. ಒಬ್ಬರೇ ಹೋಗಿ, ರಾತ್ರಿ ಫೋನ್ ಬಂದಲ್ಲಿಂದ ಮಣ್ಣು ಮುಚ್ಚಿದವರೆಗೆ ನಡೆದದ್ದನ್ನು ನಡೆದ ಹಾಗೆ ಹೇಳಿ. ಕಾರಣ ಬೇಡ, ಕೇಳಿದರೆ ಮಾತ್ರ. 'ನಿನ್ನ ಹೆಸರು ಬರೆದಿದ್ದೆ, ನಾನೇ ಗೀಟು ಹಾಕಿದೆ, ನಿನ್ನನ್ನ ಒಂದು ಮಾತು ಕೇಳಲಿಲ್ಲ.' ಇದನ್ನು ಹೇಳಲೇಬೇಕು. ಕೇಳದೆ ಹೋದದ್ದಕ್ಕೆ ನೀವು ಕ್ಷಮೆ ಕೇಳಬಹುದು, ಐದೇ ಜನ ಅಂದದ್ದಕ್ಕಲ್ಲ. ಅವರು ಕೂಗಾಡಿದರೆ ಕೂಗಾಡಲಿ, ಎದ್ದು ಬರಬೇಡಿ.

ಒಮ್ಮೆ ಅಭ್ಯಾಸ ಮಾಡೋಣ ಎಂದು ಅಕ್ಕನ ಜಾಗದಲ್ಲಿ ನಾನು ಕೂತೆ. ಬಾಯಿ ತೆರೆದರೆ "ಆವಾಗ ಪರಿಸ್ಥಿತಿ ಹೆಂಗಿತ್ತು ಅಂದ್ರೆ" ಎಂದೇ ಶುರು. ತಡೆದು, ತಡೆದು, ಕೊನೆಗೆ "ರಾತ್ರಿ ಎರಡು ಗಂಟೆಗೆ ಫೋನ್ ಬಂತು ಅಕ್ಕ" ಎಂಬಲ್ಲಿಗೆ ಬಂದರು.

ಹೋದರು. ಅಕ್ಕ ಕಾಫಿ ಕೊಡಲಿಲ್ಲ. ಕಾಫಿ ತೋಟದ ಸೀಮೆಯಲ್ಲಿ ಒಡಹುಟ್ಟಿದವನಿಗೆ ಕಾಫಿ ಕೊಡದಿರುವುದು ಎಂದರೆ ಬೈದದ್ದಕ್ಕಿಂತ ಹೆಚ್ಚು. ಆದರೆ ಕೂರಿಸಿಕೊಂಡು ಕೇಳಿದರಂತೆ. ಬಾಯಿಗೆ ನೀರು ಬಿಟ್ರಾ? ಚೀಲದ ಮೇಲಿಂದಲೇ ಬಿಟ್ವಿ. ಪಂಚೆ ಉಡಿಸಿದ್ರಾ? ಇಲ್ಲ, ಆಸ್ಪತ್ರೆ ಬಟ್ಟೆಯಲ್ಲೇ. ಒಂಟಿ? ಒಂಟಿ ಕಿವಿಯಲ್ಲೇ ಹೋಯ್ತು. ಅದು ಮಣ್ಣಿಗೆ ಹೋಯಿತೆಂದು ಕೇಳಿ ಅಕ್ಕ ಅತ್ತರು, ಆಮೇಲೆ ಸ್ಟೇಟಸ್ ಹಾಕಿದ ಹುಡುಗನಿಂದ ಹಿಡಿದು ಎಲ್ಲರನ್ನೂ ಬೈದರು. "ಚಿಕ್ಕಪ್ಪನ ಮಗನಿಗೆ ಜಾಗ ಇತ್ತು, ನನಗಿರಲಿಲ್ಲ" ಎಂಬ ಮಾತು ಬಂತು. ತಮ್ಮ ಎದ್ದು ಬರಲಿಲ್ಲ.

ಕೆಲ ದಿನದ ನಂತರ ಅಕ್ಕನೇ ನನಗೆ ಫೋನ್ ಮಾಡಿದರು. ಅಪ್ಪ ಆಸ್ಪತ್ರೆಯಿಂದ ಕರೆಯುವ ಹಾಗೆ ಕನಸು ಬೀಳುತ್ತಿತ್ತಂತೆ. ಮನೆ, ತೋಟ ಎಲ್ಲ ನೋಡಿಕೊಂಡೇ ಇದ್ದರು. ಆದ್ದರಿಂದ ಅದಕ್ಕೊಂದು ಕಾಯಿಲೆಯ ಹೆಸರು ಇಡಲು ನಾನು ಹೋಗಲಿಲ್ಲ. ಆರು ತಿಂಗಳು ದಾಟಿದ ಮೇಲೂ ದುಃಖ ಕೊಂಚವೂ ಇಳಿಯದೆ, ದಿನದ ಕೆಲಸವೇ ನಿಂತುಹೋದರೆ, ಸಾಯುವ ಮಾತು ಬಂದರೆ ಆಗ ಬೇರೆ. ಅಂಥವರು ತಡಮಾಡದೆ ಮನೋವೈದ್ಯರನ್ನು ನೋಡಬೇಕು. ಈಗ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಅಕ್ಕನಿಗೆ ಬೇಕಿದ್ದದ್ದು ಅಪ್ಪನ ಸಮಾಧಿಯ ಗುಡ್ಡೆಗೆ ಕೈಯಾರೆ ಹಾಲುತುಪ್ಪ ಬಿಡುವುದು. ಮೂರನೇ ದಿನ ಆಗಬೇಕಾದದ್ದು ವರ್ಷ ಕಳೆದ ಮೇಲೆ ಹೇಗೆ ಎಂದು ಸೋದರಮಾವ ತಕರಾರು ತೆಗೆದರು. ಹಾಲುತುಪ್ಪ ಎನ್ನಬೇಡಿ, ಮಹಾಲಯ ಅಮಾವಾಸ್ಯೆ ಹೇಗೂ ಬರುತ್ತದೆ, ಎಡೆ ಇಡುವ ದಿನ ಮಗಳು ಗುಡ್ಡೆಗೆ ಹೋಗಿ ಹಾಲು ಬಿಟ್ಟರೆ ತಡೆಯುವವರು ಯಾರು ಎಂದೆ. ಆ ಐವರಲ್ಲದೆ ಮಣ್ಣಿಗೆ ಬರಲಾಗದೆ ಉಳಿದ ನೆಂಟರಿಗೂ ಹೇಳಿ ಕಳಿಸಿ ಎಂದೆ.

ಇಂಥ ನಿರ್ಬಂಧ ಮತ್ತೆ ಬರದಿರಲಿ. ಬಂದರೆ, ಪಟ್ಟಿ ಬರೆಯುವವರನ್ನು ಒಂಟಿಯಾಗಿ ಬಿಡಬೇಡಿ. ಓಡಾಡುವವರು ಓಡಾಡಲಿ, ಮನೆಯಲ್ಲಿರುವ ಒಬ್ಬರು ಫೋನ್ ಹಿಡಿದು ಕೂರಲಿ. ದೇಹ ಆಸ್ಪತ್ರೆ ಬಿಡುವ ಮೊದಲೇ ಮಕ್ಕಳೆಲ್ಲರಿಗೂ ಸುದ್ದಿ ಮುಟ್ಟಲಿ. ಬರಲಾಗದವರನ್ನೂ 'ಬರ್‍ತೀಯಾ' ಎಂದು ಕೇಳಿ. ಬರಲಾಗುವುದಿಲ್ಲ ಎಂದು ಅವರೇ ಹೇಳಲಿ, ನೀವು ಹೇಳಬೇಡಿ.

2022ರ ಸೆಪ್ಟೆಂಬರ್‌ನಲ್ಲಿ ಮಹಾಲಯಕ್ಕೆ ಅಕ್ಕ, ಭಾವ ಬಂದರು. ಎಡೆಗೆ ಅಪ್ಪನಿಗೆ ಇಷ್ಟವಾದದ್ದು ಯಾವುದು ಎಂದು ಅಕ್ಕ ತಮ್ಮಂದಿರ ನಡುವೆ ಜೋರು ಜಗಳವಾಯಿತಂತೆ. ಆಧಾರ್ ನಕಲು ದೀಪಾವಳಿ ಕಳೆದ ಮೇಲೆ ಬಂತು. ಖಾತೆಯಲ್ಲಿ ತನ್ನ ಹೆಸರೂ ಇರಬೇಕು ಎಂಬ ಮಾತನ್ನು ಅಕ್ಕ ಬಿಟ್ಟಿಲ್ಲ. ಹಕ್ಕು ಬಿಡುಗಡೆ ಪತ್ರ ಕೇಳಲಾ ಎಂದು ತಮ್ಮ ನನ್ನನ್ನು ಕೇಳಿದರು. ಜಂಟಿ ಖಾತೆ ಮಾಡಿಸಿ, ಬಿಡುಗಡೆಯ ಮಾತು ನೀವಾಗಿ ಎತ್ತಬೇಡಿ, ಉಳಿದದ್ದಕ್ಕೆ ವಕೀಲರನ್ನು ನೋಡಿ ಎಂದು ಹೇಳಿ ಕಳಿಸಿದೆ.