ಪ್ರತಿಕ್ರಿಯೆ: ಹವಳದಲ್ಲಿ ಮೆಗ್ನೀಸಿಯಂ ಯಾಕೆ ಏರುಪೇರು?

ನಮಸ್ಕಾರ. ಪೊರೈಟಿಸ್ ಎಂಬ ಬಗೆಯ ಹವಳದಲ್ಲಿ ಒಂದೇ ವರ್ಷದ ಬೆಳವಣಿಗೆಯ ಪಟ್ಟಿಯಿಂದ ಎರಡು ಕಡೆ ಪುಡಿ ತೆಗೆದರೆ ಸ್ಟ್ರಾಂಷಿಯಂ ಪ್ರಮಾಣ ಹೊಂದುತ್ತದೆ, ಮೆಗ್ನೀಸಿಯಂ ಮಾತ್ರ ಹೊಂದುವುದಿಲ್ಲ, ನನ್ನ ಕೈತಪ್ಪೇ ಎಂದು ಕೇಳಿದ್ದೀರಿ. ನಿಮ್ಮ ತಪ್ಪಿರಲಾರದು, ಹವಳದ ಸ್ವಭಾವವೇ ಹಾಗೆ.

ಇದರ ಅಸ್ಥಿ ಅರಗೊನೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟಿನ ಒಂದು ಹರಳುರೂಪ. ಸ್ಟ್ರಾಂಷಿಯಂ ಅದರಲ್ಲಿ ಕ್ಯಾಲ್ಸಿಯಂ ಜಾಗದಲ್ಲೇ ಕೂರುತ್ತದೆ, ನೀರು ಬೆಚ್ಚಗಾದಷ್ಟೂ ಸ್ವಲ್ಪ ಕಡಿಮೆ ಸೇರುತ್ತದೆ. ಮೆಗ್ನೀಸಿಯಂ ಅಯಾನು ಆ ಜಾಗಕ್ಕೆ ತೀರಾ ಚಿಕ್ಕದು. ಹಾಗಾಗಿ ಅದರ ಬಹುಪಾಲು ಹರಳಿನ ನಡುವಿನ ಸಾವಯವ ಅಂಶದಲ್ಲೋ ಕ್ರಮವಿಲ್ಲದ ಕಣಗಳಲ್ಲೋ ಸಿಕ್ಕಿಕೊಂಡಿರುತ್ತದೆ.

ಒಮ್ಮೆ ತೆಳುಬಿಲ್ಲೆ ಮಾಡಿ ಸೂಕ್ಷ್ಮದರ್ಶಕದಡಿ ಇಡಿ. ಅಸ್ಥಿಯ ಗೋಡೆಯ ನಡುವೆ ಸಣ್ಣ ಕಪ್ಪು ಚುಕ್ಕೆಗಳು, ಅವುಗಳಿಂದ ಬೀಸಣಿಗೆಯಂತೆ ಹರಡಿದ ನಾರುಗಳು ಕಾಣುತ್ತವೆ. ಆ ಚುಕ್ಕೆಗಳೇ ಹರಳು ಶುರುವಾದ ಕೇಂದ್ರಗಳು, ಮೆಗ್ನೀಸಿಯಂ ಅಲ್ಲೇ ಹೆಚ್ಚು. ನಿಮ್ಮ ಡ್ರಿಲ್ ಎಷ್ಟು ಚುಕ್ಕೆ, ಎಷ್ಟು ನಾರು ಅರೆಯಿತು ಎನ್ನುವುದರ ಮೇಲೆ ಅಂಕಿ ಬದಲಾಗುತ್ತದೆ.

ಕಡಲ ಮುಳ್ಳುಚೆಂಡು (ಸೀ ಅರ್ಚಿನ್) ಎಂಬ ಪ್ರಾಣಿಯ ಕವಚ ಬೇರೆ ಕಥೆ. ಅದು ಕ್ಯಾಲ್ಸೈಟ್, ಅಂದರೆ ಅದೇ ಕ್ಯಾಲ್ಸಿಯಂ ಕಾರ್ಬೊನೇಟಿನ ಇನ್ನೊಂದು ಹರಳುರೂಪ, ಅದರಲ್ಲಿ ಮೆಗ್ನೀಸಿಯಂ ಹರಳಿನೊಳಗೇ ಹೊಂದಿಕೊಳ್ಳುತ್ತದೆ. ಆದರೂ ಒಂದೇ ಪ್ರಾಣಿಯ ಮುಳ್ಳಿನಲ್ಲಿ ಸಾಮಾನ್ಯವಾಗಿ ಕಡಿಮೆ, ಕವಚದ ಫಲಕದಲ್ಲಿ ಹೆಚ್ಚು. ಎಷ್ಟು ಚಂದದ ವಿಷಯ ನೋಡಿ, ನೀರೊಂದೇ, ಜೀವವೊಂದೇ!

ಹವಳ ಬೆಳೆದಾಗಿನ ನೀರಿನ ತಾಪಮಾನ ಬೇಕಿದ್ದರೆ ಸ್ಟ್ರಾಂಷಿಯಂ ಅನ್ನೇ ನಂಬಿ. ಅತಿ ವೇಗವಾಗಿ ಬೆಳೆದ ದಿಕ್ಕಿನುದ್ದಕ್ಕೂ ಒಂದೇ ಗೆರೆಯಲ್ಲಿ ಪುಡಿ ತೆಗೆಯಿರಿ. ಅದಕ್ಕೂ ಮೊದಲು ಎಕ್ಸ್‌ರೇ ತೆಗೆಸಿದರೆ ಆ ದಿಕ್ಕು ಸ್ಪಷ್ಟವಾಗಿ ಸಿಗುತ್ತದೆ.